ಅಳತೆ ಪುಸ್ತಕ

ಮಾವಳ್ಳಿಯಲ್ಲಿ ನನ್ನದು ಮೆಟ್ಟಿಲ ಕೆಳಗಿನ ಅಂಗಡಿ.
ಮಿಷನ್ನು ಎರಡು ಸಲ ಬದಲಾಯಿತು, ಕತ್ತರಿ ಐದು ಸಲ,
ಅಳತೆ ಪುಸ್ತಕ ಮಾತ್ರ ಅದೇ.
ಅದರೊಳಗೆ ಪಿಳ್ಳಪ್ಪ ಇದ್ದಾನೆ,
ಎಂಬತ್ತೇಳರ ಯುಗಾದಿಯಿಂದ.

ಮೊದಲ ಸಾಲು: ಎದೆ ಮೂವತ್ತಾರು, ಸೊಂಟ ಇಪ್ಪತ್ತೆಂಟು.
ಜೇಬು ಎರಡು. ಬಾಕಿ ಹನ್ನೆರಡು ರೂಪಾಯಿ.
ಜೆ.ಸಿ. ರೋಡಿನ ಹಿಂದೆ ಬ್ರೇಕ್ ಲೈನರ್ ಅಂಗಡಿಯ ಹುಡುಗ.
ಸವೆದದ್ದು ಕಿತ್ತು, ಹೊಸದಕ್ಕೆ ತೂತು ಕೊರೆದು,
ರಿವಿಟ್ಟು ಬಡಿದು, ತಿರುಗುವ ಕಲ್ಲಿಗೆ ಹಿಡಿದು ಉಜ್ಜಿ,
ಕೊನೆಗೆ ಗಾಳಿ ಪೈಪಲ್ಲಿ ಬುಸ್ಸೆಂದು ಊದಿದರೆ
ಓಣಿಗೆಲ್ಲ ಬೂದಿಬಣ್ಣದ ಮಂಜು.
ಅಳತೆಗೆ ಬಂದಾಗ ರೆಪ್ಪೆಯೂ ಬಿಳಿ,
ಹಿಟ್ಟಿನ ಗಿರಣಿಯಿಂದ ಎದ್ದು ಬಂದವನ ಹಾಗೆ.
"ಒದರಿಕೊಂಡು ಬಾರೋ, ಟೆರಿಕಾಟ್ ಹಾಳಾಗುತ್ತೆ" ಎಂದು ಬೈದಿದ್ದೇನೆ.
ನನ್ನ ಹೊಸ್ತಿಲ ಮೇಲೇ ಒದರಿದ್ದಾನೆ.

ತೊಂಬತ್ತಾರರಲ್ಲಿ ಆ ಕೆಲಸ ಬಿಟ್ಟ, ಆಟೋ ತಗೊಂಡ.
ಎದೆ ಮೂವತ್ತೆಂಟು. ಎದೆ ನಲವತ್ತು.
ಮಗಳ ಮದುವೆಗೆ ಸಫಾರಿ: ಸೊಂಟ ಮೂವತ್ತೆಂಟು,
ಬಿರಿಯಾನಿ ಕಡಿಮೆ ಮಾಡೋ, ಎಂದು ಅಂಚಿನಲ್ಲಿ ನಾನೇ ಬರೆದದ್ದು.
ಆ ಧೂಳು ಯಾರಿಗೆ ನೆನಪಿತ್ತು?

ಹೋದ ದಸರಾಕ್ಕೆ ಮೂವತ್ತಾರು.
"ಶುಗರ್ ಕಂಟ್ರೋಲಿಗೆ ಬಂತಲ್ಲಯ್ಯಾ" ಎಂದು ಬೆನ್ನು ತಟ್ಟಿದೆ.
ಕೆಮ್ಮಿದ. ಕಫವಿಲ್ಲದ ಒಣಕೆಮ್ಮು,
ಬೀಗಕ್ಕೆ ಹೊಂದದ ಕೀಲಿ ತಿರುವಿದ ಸದ್ದು.
ಓಣಿ ಡಾಕ್ಟರು ಬೆಂಗಳೂರು ಹವಾ ಎಂದರಂತೆ,
ಪಾರ್ಥೇನಿಯಂ, ಮೆಟ್ರೋ ಕೆಲಸದ ಮಣ್ಣು, ವಯಸ್ಸು.
ಮೂರು ಬಾಟಲಿ ಸಿರಪ್ಪು ಕುಡಿದ.

ಸಂಕ್ರಾಂತಿಗೆ ಮೂವತ್ತಮೂರೂವರೆ.
ಈ ಸಲ ನಗು ಬರಲಿಲ್ಲ.
ಬಲ ಹೆಗಲು ಎಡಕ್ಕಿಂತ ಅರ್ಧ ಇಂಚು ಕೆಳಗೆ.
ಗಿರಾಕಿಯ ಹೆಗಲು ಇಳಿದರೆ ದರ್ಜಿಗೆ ಗೊತ್ತಾಗುತ್ತದೆ,
ಹೆಂಡತಿಗೂ ಮುಂಚೆ.
"ಉಸಿರು ತಗೋ" ಎಂದೆ.
ಎದೆಗೆ ಸುತ್ತಿದ ಟೇಪು ಎಡಕ್ಕೆ ಎಳೆಯಿತು,
ಬಲಕ್ಕೆ ಸುಮ್ಮನಿತ್ತು,
ಒಂದು ಶಟರ್ ಎತ್ತಿ ಇನ್ನೊಂದು ಇಳಿಸಿಯೇ ಇಟ್ಟ ಅಂಗಡಿ.
"ಇನ್ನೊಂದ್ಸಲ."
ಹಾಗೇ.
"ನೋವಾ?"
"ನೋವು ಅಂತಲ್ಲ ಕಣಪ್ಪ,
ಪಕ್ಕೆ ಒಳಗೆ ಯಾರೋ ಮೊಣಕೈ ಊರಿಕೊಂಡು ಕೂತಂಗೆ."
ಆಮೇಲೆ ಒಂದೊಂದೇ ಬಿಚ್ಚಿದ,
ಹಳೆ ಸಾಲ ಒಪ್ಪಿಕೊಳ್ಳುವವನ ನಾಚಿಕೆಯಲ್ಲಿ:
ಲಾಲ್‌ಬಾಗ್ ಬಂಡೆ ಹತ್ತುವಾಗ ಎರಡು ಕಡೆ ನಿಂತು
ಶೂ ಲೇಸು ಕಟ್ಟುವ ನಾಟಕ ಮಾಡುತ್ತಾನಂತೆ
(ಚಪ್ಪಲಿ ಹಾಕಿದ ದಿನ ಏನು ಮಾಡುತ್ತಾನೋ).
ಅರ್ಧ ಮುದ್ದೆಗೇ ಸಾಕಾಗುತ್ತದಂತೆ.
ರಾತ್ರಿ, ಈ ಚಳಿಯಲ್ಲೂ, ಬನಿಯನ್ ಹಿಂಡುವಷ್ಟು ಬೆವರು.

ಪುಸ್ತಕ ತೆಗೆದು ಇಂಚುಗಳ ಮೇಲೆ ಬೆರಳಿಟ್ಟು ಓದಿ ಹೇಳಿದೆ.
ಅಂಗಿ ಆಮೇಲೆ. ಮೊದಲು ಎದೆಯ ಎಕ್ಸ್-ರೇ ತೆಗೆಸು.

ಹೊಸೂರು ರೋಡಿನ ದೊಡ್ಡಾಸ್ಪತ್ರೆಯಲ್ಲಿ ಬೆನ್ನಿಗೆ ಸೂಜಿ ಹಾಕಿ
ಒಂದೂವರೆ ಲೀಟರ್ ತೆಗೆದರು, ಡಿಕಾಕ್ಷನ್ ಬಣ್ಣದ ನೀರು.
ಚಿಕ್ಕ ವಯಸ್ಸಿನ ಡಾಕ್ಟರಮ್ಮ ಫೈಲು ಮುಚ್ಚುವ ಮುನ್ನ ಕೇಳಿದಳಂತೆ:
"ಆಟೋ ಬಿಡಿ ತಾತ. ಮೂವತ್ತು ವರ್ಷದ ಹಿಂದೆ ಏನು ಮಾಡ್ತಿದ್ರಿ?"

ಕಲ್ನಾರು ಎಂದಳಂತೆ.
ಹತ್ತಿ, ಸೆಣಬು, ರೇಷ್ಮೆ, ಉಣ್ಣೆ,
ಎಲ್ಲ ನಾರೂ ನನ್ನ ಬೆರಳಿಗೆ ಗೊತ್ತು ಎಂಬ ಸೊಕ್ಕಿತ್ತು ನನಗೆ.
ಕಲ್ಲಿಗೂ ನಾರಿರುತ್ತದೆ,
ಅದು ಶ್ವಾಸಕೋಶದ ಪೊರೆಯಲ್ಲಿ ಸೇರಿಕೊಂಡು
ಮೂವತ್ತು ವರ್ಷ ಸದ್ದಿಲ್ಲದೆ ಹೊಲಿಯುತ್ತದೆ ಎಂದು
ಯಾವ ಬಟ್ಟೆ ಅಂಗಡಿಯವನೂ ಹೇಳಿರಲಿಲ್ಲ.
ಬೇಗ ಬಂದಿರಿ, ಒಳ್ಳೇದಾಯ್ತು ಎಂದರಂತೆ.
ಬೇಗ ಎಂದರೆ ಯಾವ ಹಾಳೆ?
ದಸರಾದ ಸಾಲಿನ ಮೇಲೆ ಈಗಲೂ ನನ್ನ ಸೀಮೆಸುಣ್ಣದ ಬೆರಳ ಗುರುತಿದೆ.

ಮೊನ್ನೆ ಬಟ್ಟೆ ತಂದ, ತಿಳಿನೀಲಿ, ಗೆರೆಯದ್ದು.
ಬಲಪಕ್ಕೆಗೆ ಗುಂಡಿ ಇಡಬೇಕು, ಟ್ಯೂಬಿಗೆ ಅನುಕೂಲ.
ಸೊಂಟದಳತೆ ಬರೆದುಕೊಂಡೆ. ಇಲ್ಲಿ ಹೇಳುವುದಿಲ್ಲ.
ಹೊರಟವನು ಹೊಸ್ತಿಲಲ್ಲಿ ನಿಂತು, ಉಸಿರು ಕೂಡಿಸಿಕೊಂಡು,
"ಪಕ್ಕದ ಹೊಲಿಗೆ ಒಳಗೆ ಎರಡಿಂಚು ಬಿಟ್ಟಿರು.
ಮತ್ತೆ ದಪ್ಪ ಆದ್ರೆ ಬಿಚ್ಚಬಹುದು" ಎಂದ.

ಮೂರು ಬಿಟ್ಟೆ.